ಕಾಯಿ ಒಡೆಯದ ದೋಣಿ

ಅಲುಗಾಡುವ ವಸ್ತು ಯಾವುದೇ ಇರಲಿ, ಅದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ. ಬೇರೆಯವರ ಮನೆಗೆ ಊಟಕ್ಕೆ ಹೋದರೆ, ಅವರ ಮೇಜಿನ ಕಾಲಿನಡಿಗೆ ಕಾಗದ ಮಡಚಿ ಸಿಕ್ಕಿಸಿದ ಮೇಲೆಯೇ ನನಗೆ ಅನ್ನ ಇಳಿಯುವುದು. ನಮ್ಮ ಬ್ಯಾಂಕಿನ ಮ್ಯಾನೇಜರು ಗಂಭೀರವಾಗಿ ಮಾತಾಡುತ್ತಿದ್ದಾಗ ಅವರ ಡ್ರಾಯರಿನ ಹಿಡಿಯನ್ನು ಬಿಗಿ ಮಾಡಿಕೊಟ್ಟು, ಆ ಡ್ರಾಯರು ಮತ್ತೆಂದೂ ತೆರೆಯದಂತೆ ಮಾಡಿದ ಕೀರ್ತಿ ನನ್ನದು. ಇಂಥ ಮನುಷ್ಯನಿಗೆ ದೇವರು ಒಂದು ಹಾಯಿದೋಣಿಯನ್ನು ಕೊಡಬಾರದಿತ್ತು. ಕೊಟ್ಟ, ಅದೂ ಪುಕ್ಕಟೆಯಾಗಿ.

ಎಂಬತ್ತರ ದಶಕದ ಮೊದಲ ವರ್ಷಗಳು. ಬಂದರಿನ ಕೆಲಸಕ್ಕೆ ಬಂದಿದ್ದ ವಿದೇಶಿ ಇಂಜಿನಿಯರೊಬ್ಬ ಊರಿಗೆ ಹಿಂದಿರುಗುವಾಗ ತನ್ನ ಫೈಬರ್ ಗ್ಲಾಸಿನ ಹಾಯಿದೋಣಿಯನ್ನು ಜೆಪ್ಪುವಿನ ಒಂದು ಹಂಚಿನ ಕಾರ್ಖಾನೆಯ ಶೆಡ್ಡಿನಲ್ಲಿ ಬಿಟ್ಟುಹೋಗಿದ್ದ. ವರ್ಷಗಟ್ಟಲೆ ಅದು ಸೋರುವ ಮಾಡಿನ ಕೆಳಗೆ ಬಿದ್ದಿತ್ತು. ಶೆಡ್ಡು ಕೆಡವುವ ಕಾಲ ಬಂದಾಗ ನನ್ನ ಪರಿಚಯದ ಮೇಸ್ತ್ರಿ, "ಬೇಕಾದರೆ ಕೊಂಡುಹೋಗಿ, ಬೇಡದಿದ್ದರೆ ಒಡೆದು ಹಾಕ್ತೇವೆ" ಎಂದ. ನಾನು ಬೇಡ ಅನ್ನುವ ಜಾತಿಯವನಲ್ಲ. ಓಣಿಯ ಕೆಲವರನ್ನು ಸೇರಿಸಿ, ದೋಣಿಯನ್ನು ಹೊತ್ತು ತಂದು ನಮ್ಮ ಅಂಗಳದಲ್ಲಿ ಇಳಿಸಿದೆ. ತುಳಸಿಕಟ್ಟೆಯಿಂದ ಗೇಟಿನವರೆಗೆ ಅಂಗಳ ತುಂಬಿತು. ನನ್ನ ಹೆಂಡತಿ ಜಲಜಾಕ್ಷಿ ಅಡ್ಡಡ್ಡ ನಡೆದುಕೊಂಡು ಹೊರಗೆ ಬಂದಳು.

"ಇದು ಎಂತದ್ದು?"

"ಹಾಯಿದೋಣಿ."

"ನಿಮಗೆ ಈಜಲಿಕ್ಕೆ ಬರ್ತದಾ?"

"ದೋಣಿ ಇರುವುದೇ ಈಜು ಬಾರದವರಿಗೆ" ಎಂದೆ. ಅವಳು ಮತ್ತೆ ಅಡ್ಡಡ್ಡ ನಡೆದುಕೊಂಡು ಒಳಗೆ ಹೋದಳು.

ಅದೇ ವಾರ ನಮ್ಮ ಮಗಳು ಶಶಿಕಲಾಳನ್ನು ನೋಡಲು ಗಂಡಿನ ಕಡೆಯವರು ಬಂದರು. ಹುಡುಗ ಪ್ರಕಾಶ, ಬೊಂಬಾಯಿಯಲ್ಲಿ ಬೆಳೆದ ಇಂಜಿನಿಯರು. ಅವನ ತಂದೆ ದೂಮಣ್ಣ ರೈಗಳು ಬೊಂಬಾಯಿಯ ಹೋಟೆಲು ಬಿಟ್ಟು ವಾಮಂಜೂರಿನಲ್ಲಿ ಮನೆ ಕಟ್ಟಿಸಿ ಕೂತವರು. ಒಳ್ಳೆಯ ಮೈಕಟ್ಟು, ನಮ್ಮ ಬೆತ್ತದ ಕುರ್ಚಿ ಅವರನ್ನು ಕಂಡು ಮೊದಲೇ ಕಿರುಗುಟ್ಟಿತು. ಜೊತೆಗೆ ಅವರ ಅಕ್ಕ ಕಲ್ಯಾಣಿಯಕ್ಕ, ಶಕುನ ನೋಡದೆ ಸೀನುವುದೂ ಇಲ್ಲದ ಹಿರಿಯರು. ನಮ್ಮ ಕಡೆಯಿಂದ ಜಲಜಾಕ್ಷಿಯ ಅಣ್ಣ ಭಾಸ್ಕರ ಭಾವ. ನಮ್ಮಲ್ಲಿ ಹುಡುಗಿಯ ವಿಷಯದಲ್ಲಿ ಸೋದರಮಾವನದ್ದೇ ಕೊನೆಯ ಮಾತು. ಅಪ್ಪನಾದವನು ಶಾಲು ಹೊದ್ದು ತಲೆಯಾಡಿಸಿದರೆ ಸಾಕು.

ಶಶಿಗೆ ಹುಡುಗ ಹಿಡಿಸಿದ. ಎಲ್ಲರಿಗೂ ಒಂದೊಂದು ಚಟ್ಟಂಬಡೆ ಹಾಕಿದವಳು ಅವನ ತಟ್ಟೆಗೆ ಮಾತ್ರ ಎರಡು ಹಾಕಿದಳು. ಅದನ್ನು ನೋಡಿ ಜಲಜಾಕ್ಷಿ ನನ್ನ ಕಡೆ ಕಣ್ಣು ಹಾಯಿಸಿದಳು. ಇಷ್ಟು ಸಲೀಸಾಗಿ ಮಗಳ ಮದುವೆ ಕೂಡಿಬರುತ್ತದೆಂದು ನಾವಿಬ್ಬರೂ ಎಣಿಸಿರಲಿಲ್ಲ, ಮನಸ್ಸು ತುಂಬಿಬಂತು.

ಹೊರಡುವಾಗ ರೈಗಳ ಕಣ್ಣು ದೋಣಿಯ ಮೇಲೆ ಬಿತ್ತು.

"ನಿಮ್ಮದಾ?" ಎಂದರು, ಸಣ್ಣ ಸ್ವರದಲ್ಲಿ. "ಬೊಂಬಾಯಿಯಲ್ಲಿ ಹೋಟೆಲಿನ ಗಲ್ಲೆ ಮುಚ್ಚಿ ಸಮುದ್ರದ ಬದಿಗೆ ಹೋಗಿ ಕೂತುಕೊಳ್ತಿದ್ದೆ. ದೊಡ್ಡವರು ಇಂಥ ಬಿಳಿ ದೋಣಿಯಲ್ಲಿ ಹೋಗ್ತಿದ್ರು. ಒಮ್ಮೆಯಾದರೂ ಕೂತುಕೊಳ್ಳಬೇಕು ಅಂತ ಆಸೆ ಇತ್ತು."

"ಕೂತುಕೊಳ್ಳಿ, ನಮ್ಮದೇ ಅಲ್ವಾ" ಎಂದೆ ನಾನು, ಬಂದರಿನ ಒಡೆಯನ ಗತ್ತಿನಲ್ಲಿ.

"ಕಾಯಿ ಒಡೆದಿದ್ದೀರಾ?"

"ಇಲ್ಲ."

"ಹಾಗೆಲ್ಲ ಆಗುವುದಿಲ್ಲ ಮಾರಾಯ್ರೆ. ಒಳ್ಳೆಯ ಕೆಲಸಕ್ಕೆ ಬಂದಿದ್ದೇವೆ. ಒಂದು ಕಾಯಿ ತರಿಸಿ."

ಕಾಯಿ ಬಂತು. ಭಾಸ್ಕರ ಭಾವ ಮುಂಡು ಎತ್ತಿಕಟ್ಟಿ, ಮನೆದೇವರನ್ನೂ ದೈವಗಳನ್ನೂ ಹೆಸರು ಹಿಡಿದು ಕರೆದು, ಕಾಯಿಯನ್ನು ದೋಣಿಯ ಮುಂದಿನ ಡೆಕ್ಕಿನ ಮೇಲೆ ಬಲವಾಗಿ ಅಪ್ಪಳಿಸಿದ. 'ದಬ್' ಎಂದು ಸದ್ದಾಯಿತು. ಡೆಕ್ಕು ಒಳಗೆ ಹೋಯಿತು, ಹೊರಗೆ ಬಂತು. ಕಾಯಿ ಮೇಲಕ್ಕೆ ಹಾರಿ, ಭಾವನ ಹೆಗಲು ದಾಟಿ, ಅಂಗಳದಲ್ಲಿ ಉರುಳಿ ಕಲ್ಯಾಣಿಯಕ್ಕನ ಕಾಲಬುಡದಲ್ಲಿ ನಿಂತಿತು. ಒಂದು ಬಿರುಕೂ ಇರಲಿಲ್ಲ.

ಭಾವ ಸೋಲೊಪ್ಪುವವನಲ್ಲ. ಅದೇ ಕಾಯಿಯನ್ನು ಎತ್ತಿಕೊಂಡು ಇನ್ನೂ ಜೋರಾಗಿ ಹೊಡೆದ. ಈ ಸಲ ಅದು ನೇರ ನಮ್ಮ ಮಾಡಿಗೆ ಹಾರಿತು. ಹಂಚು ಒಡೆಯಿತು. ಕಾಯಿ ಒಡೆಯಲಿಲ್ಲ!

ಮಾಡಿನಿಂದ ಕಾಯಿ ಮೆಲ್ಲನೆ ಉರುಳಿ ಕೆಳಗೆ ಬಿತ್ತು.

"ಒಡೆಯದ ಕಾಯಿಯನ್ನು ನಾನು ಈವರೆಗೆ ನೋಡಿದ್ದಿಲ್ಲ" ಎಂದರು ಕಲ್ಯಾಣಿಯಕ್ಕ. "ಇದು ಒಳ್ಳೆಯದಲ್ಲ ದೂಮ. ನಾವು ಹೊರಡುವ."

ಬಾಗಿಲ ಹಿಂದೆ ನಿಂತಿದ್ದ ಶಶಿಯ ಮುಖ ನೋಡಿದೆ. ನನಗೆ ನಿಜವಾಗಿ ಹೆದರಿಕೆಯಾಯಿತು. ಪುಕ್ಕಟೆ ತಂದ ದೋಣಿಗೆ ಮಗಳ ಮದುವೆಯನ್ನೇ ತೆರಬೇಕಾಗಿ ಬಂದಿತ್ತು. ಆ ಹೆದರಿಕೆಯಲ್ಲಿ ನನ್ನ ಬಾಯಿಂದ ಒಂದು ಭಾಷಣ ಹೊರಟಿತು. "ಇದು ಅಪಶಕುನ ಅಲ್ಲ, ತಾಂತ್ರಿಕ ದೋಷ. ಡೆಕ್ಕು ಮೆತ್ತಗಾಗಿದೆ, ಅಷ್ಟೆ. ಹಳೆಯ ಫೈಬರ್ ಗ್ಲಾಸ್ ದೋಣಿಗಳಿಗೆ ಇದು ಶೀತ ನೆಗಡಿಯ ಹಾಗೆ ಮಾಮೂಲಿ ಕಾಯಿಲೆ. ನಾನೇ ರಿಪೇರಿ ಮಾಡ್ತೇನೆ" ಎಂದೆ. ಮಾಮೂಲಿ ಎಂಬುದು ನನಗೆ ಆ ಕ್ಷಣದಲ್ಲೇ ಹೊಳೆದದ್ದು.

ದೋಣಿಯ ಆಸೆ ರೈಗಳನ್ನು ಬಿಟ್ಟಿರಲಿಲ್ಲ. ಅವರು ಗಡ್ಡ ಕೆರೆದುಕೊಂಡು ತೀರ್ಮಾನ ಹೇಳಿದರು. "ಸರಿ. ಮಳೆ ಹಿಡಿಯುವ ಮೊದಲು ಒಂದು ದಿನ ನೋಡುವ. ಇದೇ ದೋಣಿಯ ಮೇಲೆ ಕಾಯಿ ಒಡೆಯಲಿ. ನನ್ನನ್ನು ಹೊಳೆಯಲ್ಲಿ ಒಂದು ರೌಂಡು ಹೊಡೆಸಿ. ಬಂದ ಮೇಲೆ ವೀಳ್ಯ ಬದಲಾಯಿಸುವ. ಆಗ ಅಕ್ಕನಿಗೂ ಸಮಾಧಾನ."

ಹೀಗೆ ನನ್ನ ಮಗಳ ನಿಶ್ಚಿತಾರ್ಥ ಒಂದು ಡೆಕ್ಕಿನ ಗಟ್ಟಿತನದ ಮೇಲೆ ನಿಂತಿತು.

ಮರುದಿನವೇ ಬ್ಯಾಂಕಿಗೆ ರಜೆ ಹಾಕಿ ರೋಗನಿರ್ಣಯಕ್ಕೆ ಇಳಿದೆ. ಸುತ್ತಿಗೆಯ ಹಿಡಿಯಿಂದ ಡೆಕ್ಕನ್ನು ಅಂಗುಲ ಅಂಗುಲವಾಗಿ ಬಡಿಯುವುದು; 'ಟಕ್' ಎಂದರೆ ಆರೋಗ್ಯ, 'ದಬ್' ಎಂದರೆ ಕಾಯಿಲೆ; ಕಾಯಿಲೆ ಇದ್ದಲ್ಲಿಗೆ ಸೀಮೆಸುಣ್ಣದ ಗೆರೆ. ಬೆಳಗ್ಗೆ ಸಣ್ಣ ಸಣ್ಣ ಸೊನ್ನೆಗಳಿಂದ ಶುರುವಾದದ್ದು ಮಧ್ಯಾಹ್ನದ ಹೊತ್ತಿಗೆ ಒಂದಕ್ಕೊಂದು ಕೂಡಿ, ಸಂಜೆಗೆ ಇಡೀ ಡೆಕ್ಕೇ ಒಂದು ಸೊನ್ನೆಯಾಯಿತು. ಜಲಜಾಕ್ಷಿ ಹಲಸಿನಹಣ್ಣು ನೋಡುವಂತೆ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ಕಿವಿಗೊಟ್ಟು ಕೇಳಿ, "ತುಂಬಾ ಹಣ್ಣಾಗಿದೆ" ಎಂದು ಒಳಗೆ ಹೋದಳು. ನನಗೋ ಬಡಿಯುವ ಚಟ ಹತ್ತಿಬಿಟ್ಟಿತು. ಆ ವಾರ ನಾನು ಬಾಗಿಲು ಬಡಿದೆ, ಕಪಾಟು ಬಡಿದೆ, ಬ್ಯಾಂಕಿನ ತಿಜೋರಿಯನ್ನೂ ಬಡಿದು ನೋಡಿದೆ. ಕಾವಲುಗಾರ ನನ್ನನ್ನು ಹೊರಗೆ ಕರೆದು ಕೂರಿಸಿ ನೀರು ಕೊಟ್ಟ.

ಡ್ರಿಲ್ಲಿನಿಂದ ಡೆಕ್ಕಿಗೆ ಒಂದು ತೂತು ಕೊರೆದೆ. ಒಳಗಿನಿಂದ ಕಷಾಯದ ಬಣ್ಣದ ನೀರು ಸುರಿಯಿತು. ಆಗ ವಿಷಯ ಅರ್ಥವಾಯಿತು. ಈ ಡೆಕ್ಕು ಕ್ರೀಮ್ ಬಿಸ್ಕೆಟಿನ ಹಾಗೆ: ಮೇಲೊಂದು ಕೆಳಗೊಂದು ಫೈಬರಿನ ತೆಳು ಪದರ, ನಡುವೆ ಮರ. ಹಗ್ಗ ಕಟ್ಟುವ ಕೊಕ್ಕೆಗಳ ಸ್ಕ್ರೂ ತೂತುಗಳಿಂದ ನೀರು ಇಳಿದಿಳಿದು ನಡುವಿನ ಮರ ಕೊಳೆತಿತ್ತು. ಮೇಲಿನ ಪದರ ಕೊಯ್ದು ತೆಗೆಯುವುದು, ಕೊಳೆತದ್ದನ್ನು ಕೆರೆದು ಹಾಕುವುದು, ಹೊಸ ಮರ ಕೂರಿಸುವುದು, ರೆಸಿನ್ ಎಂಬ ಅಂಟು ಹಚ್ಚಿ ಮುಚ್ಚುವುದು. ಇಷ್ಟೇ ಕೆಲಸ. ಇಷ್ಟಕ್ಕೆ ಯಾರನ್ನಾದರೂ ಕರೆಯುವುದು ನನ್ನ ಮರ್ಯಾದೆಗೆ ಕುಂದು ಎನಿಸಿತು.

ಗರಗಸ ಹಾಕಿದೆ. ಬಿಳಿ ಹುಡಿ ಎದ್ದಿತು. ಫೈಬರ್ ಗ್ಲಾಸ್ ಎಂಬುದರಲ್ಲಿ ಗ್ಲಾಸ್ ಎಂಬ ಮಾತು ಸುಮ್ಮನೆ ಇಟ್ಟದ್ದಲ್ಲ ಎಂದು ಆ ಸಂಜೆ ಸ್ನಾನ ಮಾಡುವಾಗ ಗೊತ್ತಾಯಿತು. ಕುತ್ತಿಗೆ, ಕಂಕುಳು, ಬೆನ್ನು, ಎಲ್ಲಿ ಮುಟ್ಟಿದರೂ ತುರಿಕೆ. ನಾನು ಬಿಚ್ಚಿದ ಲುಂಗಿಯನ್ನು ಜಲಜಾಕ್ಷಿ ಉಳಿದ ಬಟ್ಟೆಗಳ ಜೊತೆ ನೆನೆಹಾಕಿದಳು. ಮರುದಿನ ಅವಳು ಸೌಟು ಹಿಡಿದ ಕೈಯಿಂದಲೇ ಬೆನ್ನು ಕೆರೆದುಕೊಳ್ಳುತ್ತಿದ್ದಳು. ಶಶಿ ಶಾಲೆಯಲ್ಲಿ ಪಾಠ ಮಾಡುವಾಗ ಕಪ್ಪು ಹಲಗೆಗೆ ಬೆನ್ನು ಉಜ್ಜಿಕೊಂಡಳಂತೆ. ಗಾಳಿ ಪಡುವಣದಿಂದ ಬೀಸುವುದಾದ್ದರಿಂದ ಪಕ್ಕದ ಮನೆಯ ಐರಿನ್ ಬಾಯಿಯವರ ಬೆಡ್‌ಶೀಟುಗಳಿಗೂ ನನ್ನ ದೋಣಿ ತಲುಪಿತು.

"ಎಂತ ಮಾರಾಯ್ರೆ, ನಮ್ಮ ಮನೆಯವರು ರಾತ್ರಿ ಹಾಸಿಗೆಯಿಂದ ಎದ್ದು ನೆಲದಲ್ಲಿ ಮಲಗಿದ್ದು" ಎಂದರು ಅವರು ನಡುವಿನ ಪಾಗಾರದ ಗೋಡೆಯ ಮೇಲಿಂದ. "ನನ್ನ ಜೊತೆ ಜಗಳ ಅಂತ ನಾನು ಎಣಿಸಿದೆ. ಇದು ನಿಮ್ಮ ಹುಡಿ."

ಕೊಳೆತ ಮರವನ್ನು ಕೆರೆದು ತೆಗೆಯುವಾಗ ಅಂಚಿನಲ್ಲಿ ಒಣಗಿ ಉಳಿದಿದ್ದ ಒಂದು ತುಂಡು ಸಿಕ್ಕಿತು. ಅಂಗೈಯಲ್ಲಿ ಇಟ್ಟರೆ ಇಟ್ಟದ್ದೇ ಗೊತ್ತಾಗದಷ್ಟು ಹಗುರ. ಉಗುರು ಒತ್ತಿದರೆ ಗುಳಿ ಬಿತ್ತು. ಅದನ್ನು ಭಾಸ್ಕರ ಭಾವನಿಗೆ ತೋರಿಸಿದೆ. ಅವನು ಅದನ್ನು ಊದಿದ, ಅದು ಹಾರಿಹೋಯಿತು.

"ಪಾಪ, ಆ ಪರದೇಶದವನಿಗೆ ಯಾರೋ ಟೊಪ್ಪಿ ಹಾಕಿದ್ದಾರೆ" ಎಂದ ಭಾವ. "ಇದು ಮರವಾ?"

"ಹೌದು, ಎಂತ ಕಳಪೆ ಮಾಲು" ಎಂದೆ ನಾನೂ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಮರವನ್ನು ಹೊಗಳುವುದು ಅದರ ಭಾರದಿಂದ. ಚಾವಡಿಯ ಕಂಬ ತರಲು ಎಷ್ಟು ಆಳು ಬೇಕಾಯಿತು, ದಾರಿಯಲ್ಲಿ ಎಷ್ಟು ಜನರ ಹೆಗಲು ಊದಿತು ಎಂಬುದರಲ್ಲಿ ಮನೆತನದ ತೂಕ ತಿಳಿಯುತ್ತದೆ. ಅದರಲ್ಲೂ ಕಿರಾಲ್‌ಬೋಗಿ ಎಂದರೆ ಮರಗಳಲ್ಲಿ ಯಜಮಾನ. ಗೆದ್ದಲು ಮುಟ್ಟುವುದಿಲ್ಲ, ಮೊಳೆ ಇಳಿಯುವುದಿಲ್ಲ, ನೀರಿಗೆ ಹಾಕಿದರೆ ಕಲ್ಲಿನ ಹಾಗೆ ತಳಕ್ಕೆ ಹೋಗಿ ಕೂರುತ್ತದೆ. ಈ ಕೊನೆಯ ಗುಣವನ್ನೂ ನಾವು ಹೊಗಳಿಕೆಯಾಗಿಯೇ ಹೇಳುತ್ತಾ ಬಂದವರು.

"ನಮ್ಮ ಮನೆಯ ಹಳೆಯ ಭತ್ತದ ಕಣಜ ಬಿಚ್ಚಿದ ಹಲಗೆ ಉಂಟು" ಎಂದ ಭಾವ. "ಎಲ್ಲ ಕಿರಾಲ್‌ಬೋಗಿ. ನಮ್ಮ ಹುಡುಗಿಯ ನಿಶ್ಚಯದ ದೋಣಿಗೆ ಬೆಂಕಿಪೆಟ್ಟಿಗೆಯ ಮರ ಹಾಕಿದರೆ ಜನ ಎಂತ ಹೇಳ್ತಾರೆ?"

ಸೋದರಮಾವನ ಮಾತು. ನಾನು ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ಅವನ ಔದಾರ್ಯಕ್ಕೆ ನನಗೆ ಕಣ್ಣೀರೇ ಬಂತು. ಹಲಗೆಗಳು ಲಾರಿಯಲ್ಲಿ ಬಂದವು. ಒಂದೊಂದನ್ನು ಇಳಿಸುವಾಗಲೂ ಆಳುಗಳು ತುಳುವಿನಲ್ಲಿ ನಮ್ಮ ಹಿರಿಯರನ್ನೆಲ್ಲ ಸ್ಮರಿಸಿದರು. ಗರಗಸದ ಹಲ್ಲು ಮುರಿಯಿತು. ಡ್ರಿಲ್ಲಿನ ಮೋಟಾರು ಹೊಗೆ ಬಿಟ್ಟು ಪ್ರಾಣ ಬಿಟ್ಟಿತು. ಪ್ರತಿಯೊಂದು ನಷ್ಟಕ್ಕೂ ನಮ್ಮ ಸಂತೋಷ ಹೆಚ್ಚುತ್ತಲೇ ಹೋಯಿತು.

ಉಳಿದದ್ದು ರೆಸಿನ್. ಅದಕ್ಕೆ ಹಾರ್ಡನರ್ ಎಂಬ ದ್ರಾವಣವನ್ನು ತೊಟ್ಟು ತೊಟ್ಟಾಗಿ ಬೆರೆಸಬೇಕು, ಆಗ ಗಟ್ಟಿಯಾಗುತ್ತದೆ. ಮದುವೆಯ ಕೆಲಸದಲ್ಲಿ ಜಿಪುಣತನ ಬೇಡವೆಂದು ನಾನು ಸ್ವಲ್ಪ ಧಾರಾಳವಾಗಿಯೇ ಸುರಿದು, ಜಲಜಾಕ್ಷಿಯ ಹೊಸ ಬಕೆಟಿನಲ್ಲಿ ಅವಳ ದೊಡ್ಡ ಸೌಟಿನಿಂದ ಕಲಕತೊಡಗಿದೆ. ಬಕೆಟು ಬೆಚ್ಚಗಾಯಿತು. ಒಳ್ಳೆಯ ಲಕ್ಷಣ ಎಂದುಕೊಂಡೆ. ಬಕೆಟು ಬಿಸಿಯಾಯಿತು. ಹೊಗೆ ಬಂತು. ಐರಿನ್ ಬಾಯಿಯವರು ಪಾಗಾರದ ಮೇಲಿಂದ ಒಂದು ಕೊಡ ನೀರು ಸುರಿದು ನನ್ನನ್ನು ನೆನೆಸಿದರು, ಬಕೆಟಿಗೆ ತಾಗಲಿಲ್ಲ. ಹೊಗೆ ಇಳಿದಾಗ ಬಕೆಟಿನ ತಳ ಕರಗಿ ಅಂಗಳಕ್ಕೆ ಅಂಟಿತ್ತು, ಸೌಟು ನಡುವೆ ಧ್ವಜಸ್ತಂಭದಂತೆ ನಿಂತಿತ್ತು. ಎಳೆದರೆ ಬರಲಿಲ್ಲ. ಜಲಜಾಕ್ಷಿ ಬಂದು ತಾನೂ ಒಮ್ಮೆ ಸೌಟನ್ನು ಎಳೆದು ನೋಡಿದಳು.

"ಇವತ್ತು ಸಾರು ಬಡಿಸುವುದು ಹೇಗೆ?" ಎಂದಳು.

"ಲೋಟದಿಂದ" ಎಂದೆ.

ಅವಳು ದೋಣಿಯ ಅಂಚಿನ ಮೇಲೆ ಕೂತಳು. "ನೋಡಿ, ನಿಮ್ಮ ಎಲ್ಲ ಆಟ ನಾನು ಸಹಿಸಿದ್ದೇನೆ. ಇದು ಹಾಗಲ್ಲ. ಅವಳು ದಿನಾ ಬೆಳಗ್ಗೆ ಎದ್ದು ಮೊದಲು ಈ ಡೆಕ್ಕನ್ನು ಮುಟ್ಟಿ ನೋಡಿ ಹೋಗ್ತಾಳೆ. ನಿಮಗೆ ಗೊತ್ತುಂಟಾ?"

ನನಗೆ ಗೊತ್ತಿರಲಿಲ್ಲ. ಆಮೇಲೆ ನಾನು ಹಾರ್ಡನರನ್ನು ಹೋಮಿಯೋಪತಿ ಮದ್ದಿನಂತೆ ತೊಟ್ಟು ಎಣಿಸಿ ಹಾಕಿದೆ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಗುಡುಗಿದಾಗಲೆಲ್ಲ ನಾನು ಕೊಡೆ ಹಿಡಿದು ಓಡಿಹೋಗಿ ರೆಸಿನ್ ಒಣಗಿದೆಯೇ ಎಂದು ಬೆರಳಿಟ್ಟು ನೋಡಿದೆ. ಹಾಗಾಗಿ ಆ ಡೆಕ್ಕಿನ ತುಂಬ ನನ್ನ ಬೆರಳಚ್ಚುಗಳು ಶಾಶ್ವತವಾಗಿ ಉಳಿದವು.

ಕಡೆಗೂ ಒಣಗಿತು. ಭಾಸ್ಕರ ಭಾವ ಮೇಲೆ ಹತ್ತಿ ಕುಪ್ಪಳಿಸಿದ. ಅಲುಗಲಿಲ್ಲ. ಓಣಿಯವರನ್ನೆಲ್ಲ ಕರೆದು ಹತ್ತಿಸಿದೆ. ಐರಿನ್ ಬಾಯಿಯವರೂ ಚಪ್ಪಲಿ ಕಳಚಿಟ್ಟು ಹತ್ತಿ, ಎರಡು ಸಲ ಕಾಲು ಅಪ್ಪಳಿಸಿ, "ಇಗರ್ಜಿಯ ನೆಲ ಕೂಡ ಇಷ್ಟು ಗಟ್ಟಿ ಇಲ್ಲ" ಎಂದು ಸರ್ಟಿಫಿಕೇಟು ಕೊಟ್ಟರು. ನನಗೆ ಆ ಸಂತೋಷದಲ್ಲಿ ಊಟ ಸೇರಲಿಲ್ಲ.

ನಿಗದಿಯಾದ ದಿನ ಬೆಳಗ್ಗೆ ದೋಣಿಯನ್ನು ನೇತ್ರಾವತಿಗೆ ಸಾಗಿಸಲು ಹೊರಟೆವು. ಅಂದು ಹೊತ್ತು ತಂದಿದ್ದ ಅದೇ ಜನ ಇಂದು ಕೈಹಾಕಿದರು. ದೋಣಿ ಮಿಸುಕಲಿಲ್ಲ. ಇನ್ನಷ್ಟು ಜನ ಬಂದರು. ಕಡೆಗೆ ತೆಂಗಿನ ಮರದ ತುಂಡುಗಳ ಮೇಲೆ ಉರುಳಿಸಿ, ಹಗ್ಗ ಹಾಕಿ ಎಳೆದು, ದಾರಿಯುದ್ದಕ್ಕೂ "ಓ ಬೇಲೆ" ಎಂದು ಭಾರ ಎಳೆಯುವವರ ಕೂಗು ಹಾಕಿಕೊಂಡು ಹೊಳೆಗೆ ಮುಟ್ಟಿಸಿದೆವು.

"ಮೊದಲು ತರುವಾಗ ಇಷ್ಟು ಭಾರ ಇತ್ತಾ?" ಎಂದು ಜಲಜಾಕ್ಷಿ ಕೇಳಿದಳು.

"ಗಟ್ಟಿಯಾಗಿದೆಯಲ್ಲ, ಅದಕ್ಕೆ" ಎಂದೆ.

ಗಂಡಿನ ಕಡೆಯವರು ಫೋಟೋಗ್ರಾಫರನ ಸಮೇತ ಬಂದಿದ್ದರು. ದಡದಲ್ಲಿ ಚಾಪೆ ಹಾಸಿ ವೀಳ್ಯದ ಹರಿವಾಣ ಇಟ್ಟಾಗಿತ್ತು. ಭಾವ ಕಾಯಿ ಎತ್ತಿದ. ಕಲ್ಯಾಣಿಯಕ್ಕ ಎರಡು ಹೆಜ್ಜೆ ಹಿಂದೆ ಸರಿದರು. ಅಪ್ಪಳಿಸಿದ. ಕಾಯಿ ಹೋಳಾಗಲಿಲ್ಲ, ಪುಡಿಯಾಯಿತು. ನೀರು ಎಲ್ಲರ ಮುಖಕ್ಕೂ ಚಿಮ್ಮಿತು. ಕಲ್ಯಾಣಿಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಮೊದಲ ಬಾರಿಗೆ ನಕ್ಕರು. ಶಶಿ ನನ್ನ ಕಡೆ ನೋಡಿ ನಕ್ಕಳು. ಆ ನಗುವಿಗಾಗಿ ನಾನು ಇನ್ನೊಂದು ಕಣಜವನ್ನೇ ಬಿಚ್ಚಿಸುತ್ತಿದ್ದೆ.

ದೋಣಿಗೆ ಭಾವ ಹತ್ತಿದ, ನಾನು ಹತ್ತಿದೆ, ಆಮೇಲೆ ರೈಗಳು ಹತ್ತಿ ಡೆಕ್ಕಿನ ಮೇಲೆ ಕಾಲು ಅಗಲಿಸಿ ನಿಂತರು. "ಎಂತ ಗಟ್ಟಿ ಮಾರಾಯ್ರೆ, ರಸ್ತೆಯ ಹಾಗೆ ಉಂಟು" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ದೋಣಿ ದಡ ಬಿಟ್ಟಿತು. ಹಾಯಿ ಇನ್ನೂ ಬಿಚ್ಚಿರಲಿಲ್ಲ. ದೋಣಿ ಸುಮ್ಮನೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲಿ, ಪ್ರತಿಸಲವೂ ಹಿಂದಿರುಗಲು ಸ್ವಲ್ಪ ಯೋಚಿಸುತ್ತಿತ್ತು.

"ಸಾರ್, ಎಲ್ಲರೂ ಸ್ವಲ್ಪ ಈ ಕಡೆ" ಎಂದ ಫೋಟೋಗ್ರಾಫರ.

ನಾವು ಮೂವರೂ ಸ್ವಲ್ಪ ಆ ಕಡೆ ಬಂದೆವು. ದೋಣಿಯೂ ಬಂತು. ಆಮೇಲೆ ಅದು ನಿಲ್ಲಲಿಲ್ಲ. ಕಣಜದ ಮರವೆಲ್ಲ ಮೇಲ್ಗಡೆ, ಕೆಳಗೆ ತೆಳ್ಳಗಿನ ಫೈಬರು; ಕೊಡವನ್ನು ತಲೆಯ ಮೇಲೆ ಹೊತ್ತ ಕೋಳಿಮರಿಯ ಸ್ಥಿತಿ ಅದರದ್ದು. ಗಡಿಬಿಡಿಯಿಲ್ಲದೆ, ಕೆಸರಿನಲ್ಲಿ ಮಲಗುವ ಎಮ್ಮೆಯ ಹಾಗೆ ಮೆಲ್ಲನೆ ಮಗುಚಿಕೊಂಡಿತು. ಡೆಕ್ಕು ಮಾತ್ರ ಒಂದಿಷ್ಟೂ ಬಗ್ಗಲಿಲ್ಲ.

ನಾನು ಕಣ್ಣುಮುಚ್ಚಿ ಕೈಕಾಲು ಬಡಿದೆ. ಸತ್ತೇ ಹೋದೆ ಅಂದುಕೊಂಡೆ. ಮನೆದೇವರಿಗೆ ಹರಕೆ ಹೇಳುತ್ತಿರುವಾಗ ದಡದಿಂದ ಜಲಜಾಕ್ಷಿಯ ಸ್ವರ ಕೇಳಿತು.

"ನಿಂತುಕೊಳ್ಳಿ. ನೀರು ಸೊಂಟದವರೆಗೆ ಉಂಟು. ಕಾಲು ಊರಿ."

ಊರಿದೆ. ನಿಜ. ಪಕ್ಕದಲ್ಲಿ ಭಾವನೂ ಎದ್ದು ನಿಂತಿದ್ದ. ರೈಗಳು ಕಾಣಲಿಲ್ಲ. ಅವರ ಮುಂಡು ಡೆಕ್ಕಿನ ಕೊಕ್ಕೆಗೆ ಸಿಕ್ಕಿ ಅವರು ದೋಣಿಯಡಿಗೆ ಸೇರಿದ್ದರು. ಆ ಕೊಕ್ಕೆಯನ್ನು ಬಿಗಿ ಮಾಡಿದವನು ನಾನೇ. ದೋಣಿ ಎತ್ತಲು ನೋಡಿದೆವು. ಕಿರಾಲ್‌ಬೋಗಿ!

ಅಷ್ಟರಲ್ಲಿ, ಚಿಕ್ಕಂದಿನಲ್ಲೇ ಸೋದರಮಾವನ ಮನೆಯ ಕೆರೆಯಲ್ಲಿ ಈಜು ಕಲಿತಿದ್ದ ಶಶಿ ನಿಶ್ಚಿತಾರ್ಥದ ರೇಷ್ಮೆ ಸೀರೆಯಲ್ಲೇ ನೀರಿಗೆ ಹಾರಿದ್ದಳು. ಒಂದು ಮುಳುಗು ಹಾಕಿ, ಮುಂಡನ್ನು ಕೊಕ್ಕೆಗೆ ಬಿಟ್ಟುಕೊಟ್ಟು, ರೈಗಳನ್ನು ಮಾತ್ರ ಹೊರಗೆ ಎಳೆದು ತಂದಳು. ತಂದೆಯನ್ನು ಕಾಪಾಡಲೆಂದು ಪ್ರಕಾಶನೂ ವೀರಾವೇಶದಿಂದ ಹಾರಿದ್ದ. ಆದರೆ ಅವನು ಹಾರಿದ್ದು ಹೊಯಿಗೆ, ಅಂದರೆ ಮರಳು, ತೆಗೆದ ಆಳದ ಗುಂಡಿಗೆ, ಅವನಿಗೆ ಈಜು ಬರುತ್ತಿರಲಿಲ್ಲ. ಶಶಿ ಮಾವನಾಗುವವರನ್ನು ದಡದಲ್ಲಿ ಕೂರಿಸಿ, ಹಿಂದಿರುಗಿ ಹೋಗಿ, ಗಂಡನಾಗುವವನನ್ನು ಕಾಲರು ಹಿಡಿದು ತಂದಳು.

ರೈಗಳು ಕೆಮ್ಮಿದರು. ಯಾರೋ ಕೊಟ್ಟ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡರು. ಎಲ್ಲರೂ ಕಲ್ಯಾಣಿಯಕ್ಕನ ಬಾಯನ್ನೇ ನೋಡುತ್ತಿದ್ದರು. ನಾನು ಸೊಂಟದವರೆಗಿನ ನೀರಲ್ಲೇ ನಿಂತಿದ್ದೆ, ದಡ ಹತ್ತಲು ಮುಖ ಇರಲಿಲ್ಲ. ನನ್ನ ಮಗಳ ಬದುಕನ್ನು ನಾನೇ ಮಗುಚಿಹಾಕಿದೆ ಎಂದುಕೊಂಡು ನಿಜವಾಗಿ ಅತ್ತೆ. ಒದ್ದೆಯಾಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

"ಕಾಯಿ ಒಡೆದಿದೆಯಲ್ಲ, ದೂಮ" ಎಂದರು ಕಲ್ಯಾಣಿಯಕ್ಕ ಕಡೆಗೆ. "ಇಬ್ಬರನ್ನೂ ಮೇಲೆ ತಂದಳು ಹುಡುಗಿ. ಇನ್ನೆಂತ ಶಕುನ ಬೇಕು ನಿನಗೆ?"

"ನನಗೆ ಎಂತದ್ದೂ ಬೇಡ ಅಕ್ಕ" ಎಂದರು ರೈಗಳು. "ಹುಡುಗಿ ಸಾಕು." ಆಮೇಲೆ ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ ಹೇಳಿದರು: "ಒಂದೇ ಮಾತು ಬೀಗರೇ. ಮದುವೆಯಲ್ಲಿ ನೀವು ಯಾವುದನ್ನೂ ರಿಪೇರಿ ಮಾಡಬಾರದು."

ಭಾಸ್ಕರ ಭಾವ ನನ್ನ ಪರವಾಗಿ ಒಪ್ಪಿಕೊಂಡ. ವೀಳ್ಯ ಬದಲಾಯಿತು.

ಮದುವೆ ಚೆನ್ನಾಗಿಯೇ ಆಯಿತು. ಚಪ್ಪರದ ಒಂದು ಕಂಬ ವಾಲಿತ್ತು. ನಾನು ಬೇರೆ ಕಡೆ ನೋಡಿದೆ. ಮೈಕು ಗೊರಗೊರ ಅನ್ನುತ್ತಿತ್ತು. ಕೈಯನ್ನು ಶಾಲಿನೊಳಗೆ ಇಟ್ಟುಕೊಂಡೆ. ಧಾರೆಯ ಹೊತ್ತಿಗೆ ಮಾತ್ರ ಅಪ್ಪನಾದವನ ಕೈಗೆ ಗಿಂಡಿ ಕೊಡಲೇಬೇಕಲ್ಲ, ಕೊಟ್ಟರು. ಹಿಡಿದ ತಕ್ಷಣ ಗೊತ್ತಾಯಿತು, ಅದರ ನೀರು ಬೀಳುವ ಕೊಂಬು ಸಡಿಲ. ನೀರು ಕೊಂಬಿನ ಬುಡದಿಂದಲೇ ತೊಟ್ಟಿಕ್ಕುತ್ತಿತ್ತು. ಹೆಬ್ಬೆರಳಿನಿಂದ ಒಮ್ಮೆ ಒತ್ತಿ ತಿರುಗಿಸಿದರೆ ಸಾಕಿತ್ತು. ನನ್ನ ಹೆಬ್ಬೆರಳು ಆ ಕಡೆಗೆ ಹೊರಟಿತು. ಜಲಜಾಕ್ಷಿ ಕೆಳಗಿನಿಂದ ಕೈ ತಂದು ನನ್ನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದಳು. ಧಾರೆ ಮುಗಿಯುವವರೆಗೂ ಬಿಡಲಿಲ್ಲ. ಮಗಳನ್ನು ಕೊಡುವ ದುಃಖದಲ್ಲಿ ಗಂಡ ಹೆಂಡತಿ ಹೇಗೆ ಕೈ ಹಿಡಿದುಕೊಂಡಿದ್ದಾರೆ ನೋಡಿ ಎಂದು ನೆಂಟರೆಲ್ಲ ಕಣ್ಣೊರೆಸಿಕೊಂಡರು.